ಮೇಷ್ಟ್ರು ಕೆತ್ತಿದ ಮನೆ

ವೆಲಿಂಗ್ಟನ್ ಗಾಳಿಯ ಊರು. ಕುಕ್ ಜಲಸಂಧಿಯಿಂದ ನುಗ್ಗಿ ಬರುವ ಗಾಳಿಗೆ ಅಲ್ಲಿನ ಜನ ಛತ್ರಿ ಬಿಚ್ಚಲೂ ಯೋಚಿಸುತ್ತಾರೆ. ನ್ಯೂಜಿಲೆಂಡಿನ ಈ ರಾಜಧಾನಿಯ ಹವಾಮಾನ ಇಲಾಖೆಯ ಕಟ್ಟಡಕ್ಕೆಂದು 1984ರಲ್ಲಿ ಒಂದು ದೊಡ್ಡ ಭಿತ್ತಿಶಿಲ್ಪ ತಯಾರಾಯಿತು. ಅದರ ವಸ್ತು ತಾಫಿರಿಮಾತೆಯಾ ಮತ್ತು ಅವನ ಮಕ್ಕಳು. ತಾಫಿರಿಮಾತೆಯಾ ಎಂದರೆ ಆ ನೆಲದ ಮೂಲನಿವಾಸಿಗಳಾದ ಮಾವೊರಿ ಜನರ ಗಾಳಿದೇವರು. ಬಿರುಗಾಳಿ, ಸುಳಿಗಾಳಿ, ಮಳೆಮೋಡಗಳೆಲ್ಲ ಅವನ ಸಂತಾನ. ಮಳೆ-ಗಾಳಿಯ ಲೆಕ್ಕ ಇಡುವ ಸರ್ಕಾರಿ ಕಚೇರಿಯ ಗೋಡೆಗೆ ಗಾಳಿದೇವರ ಸಂಸಾರವನ್ನೇ ಕೆತ್ತಿ ಬಣ್ಣ ಬಳಿದು ಕೊಟ್ಟವರು ಕ್ಲಿಫ್ ವೈಟಿಂಗ್. ಮೇಷ್ಟ್ರಾಗಿ ಕೆಲಸ ಶುರುಮಾಡಿದವರು ಅವರು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೂ ಶಿಕ್ಷಕರಿಗೂ ಚಿತ್ರಕಲೆ ಹೇಳಿಕೊಡುತ್ತಿದ್ದವರು.

ಮುಂದೆ ಅವರನ್ನು ದೇಶ ‘ತೊಹುಂಗಾ ಫಕೈರೊ’ ಎಂದು ಕರೆಯಿತು. ಮರದ ಕೆತ್ತನೆಯಲ್ಲಿ ಕೈಯೂ ಪಳಗಿ ಶಾಸ್ತ್ರವೂ ತಿಳಿದ ಹಿರಿಯರಿಗೆ ಮಾತ್ರ ಸಲ್ಲುವ ಹೆಸರು ಅದು. ಬದುಕಿರುವ 20 ಮಂದಿಗಷ್ಟೇ ಏಕಕಾಲಕ್ಕೆ ಸಲ್ಲುವ ‘ಆರ್ಡರ್ ಆಫ್ ನ್ಯೂಜಿಲೆಂಡ್’ ಗೌರವವೂ ಅವರಿಗೆ ಬಂತು. ಇಂಥವರ ಬಗ್ಗೆ ಬರೆಯುವವರು ‘ಶಿಕ್ಷಕ ವೃತ್ತಿ ಬಿಟ್ಟು ಶಿಲ್ಪಿಯಾದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದುಂಟು. ವೈಟಿಂಗ್ ಅವರ ಕೆಲಸ ನೋಡುತ್ತ ಹೋದಂತೆ ನನಗೆ ಆ ಸಾಲು ಸುಳ್ಳು ಅನ್ನಿಸಿದೆ. ಅವರು ಏನನ್ನೂ ಬಿಡಲಿಲ್ಲ. ಅವರ ಉಳಿಗೆ ಧೈರ್ಯ ಬಂದದ್ದೇ ತರಗತಿಯಿಂದ.

ವೈಟಿಂಗ್ ಹುಟ್ಟಿದ್ದು 1936ರ ಮೇ 6ರಂದು, ಉತ್ತರ ದ್ವೀಪದ ಪೂರ್ವ ಕಡಲ ಕರೆಯ ತೆ ಕಾಹಾ ಎಂಬ ಪುಟ್ಟ ಊರಿನಲ್ಲಿ. ತೆ ಫಾನೌ-ಆ-ಅಪಾನೂಯಿ ಬುಡಕಟ್ಟಿನವರು. ಅದು ಮಾವೊರಿ ಮಕ್ಕಳಿಗೆ ಸರ್ಕಾರ ಬೇರೆಯೇ ‘ನೇಟಿವ್ ಸ್ಕೂಲ್’ಗಳನ್ನು ನಡೆಸುತ್ತಿದ್ದ ಕಾಲ. 1867ರ ಕಾಯ್ದೆಯಿಂದ ಶುರುವಾದ ಆ ಶಾಲೆಗಳು ಮುಗಿದದ್ದು 1969ಕ್ಕೆ. ಅಲ್ಲಿ ಮನೆಮಾತು ಬಾಯಿಂದ ಬಿದ್ದರೆ ಬೆತ್ತದೇಟು ತಿಂದ ಮಕ್ಕಳು ಒಂದೆರಡು ತಲೆಮಾರಿನವರಲ್ಲ. ಶಾಲೆಯಲ್ಲಿ ಕನ್ನಡ ಆಡಿದ್ದಕ್ಕೆ ದಂಡ ಕಟ್ಟಿದ ಮಕ್ಕಳು ನಮ್ಮ ನಡುವೆಯೂ ಇರುವುದರಿಂದ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮಾವೊರಿ ಮಗುವಿಗೆ ಶಾಲೆ ಎಂದರೆ ತನ್ನದನ್ನೆಲ್ಲ ಬಾಗಿಲಾಚೆ ಬಿಟ್ಟು ಒಳಗೆ ಹೋಗಬೇಕಾದ ಜಾಗ. ಅಂಥ ವ್ಯವಸ್ಥೆಯೊಳಗೇ ವೈಟಿಂಗ್ 1955ರಲ್ಲಿ ವೆಲಿಂಗ್ಟನ್ನಿನ ಶಿಕ್ಷಕರ ತರಬೇತಿ ಕಾಲೇಜು ಸೇರಿದರು.

ಅವರ ಅದೃಷ್ಟ, ಆ ಹೊತ್ತಿಗೆ ಶಿಕ್ಷಣ ಇಲಾಖೆಯಲ್ಲಿ ಗಾರ್ಡನ್ ಟೋವಿ ಎಂಬ ಅಧಿಕಾರಿಯಿದ್ದರು. ಟೋವಿ 1946ರಲ್ಲಿ ಇಡೀ ದೇಶದ ಶಾಲೆಗಳ ಚಿತ್ರಕಲೆ ಮತ್ತು ಕರಕುಶಲ ವಿಭಾಗದ ಮೇಲ್ವಿಚಾರಕರಾದವರು. ಮಗು ತನ್ನೊಳಗಿನದನ್ನು ಹೊರಗೆ ತರಬೇಕು, ಮೇಷ್ಟ್ರು ಬರೆದ ಹೂದಾನಿಯನ್ನು ನಕಲು ಮಾಡುವುದರಿಂದ ಮಗುವಿಗೆ ಏನೂ ಸಿಗುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. 1950ರ ದಶಕದಲ್ಲಿ ಉತ್ತರ ಭಾಗದ ಮಾವೊರಿ ಶಾಲೆಗಳಲ್ಲಿ ಅವರು ಒಂದು ಪ್ರಯೋಗ ನಡೆಸಿದರು. ಮಕ್ಕಳು ತಮ್ಮ ಕಥೆ, ತಮ್ಮ ವಿನ್ಯಾಸ, ತಮ್ಮ ಲಯವನ್ನೇ ಹಿಡಿದು ಚಿತ್ರ ಬರೆಯಲಿ ಎಂದು ಬಿಟ್ಟರು. ಕಲೆಯಲ್ಲಿ ಆಸಕ್ತಿಯಿದ್ದ ಎಳೆಯ ಶಿಕ್ಷಕರನ್ನು ಹುಡುಕಿ ಆರಿಸಿ, ವಿಶೇಷ ತರಬೇತಿ ಕೊಟ್ಟು, ಜಿಲ್ಲೆಜಿಲ್ಲೆಗೆ ಕಲಾ ಸಲಹೆಗಾರರನ್ನಾಗಿ ಕಳಿಸಿದರು. ವೈಟಿಂಗ್ ಅವರಲ್ಲಿ ಒಬ್ಬರು.

ಅದೇ ಕಾಲದ ಶಿಕ್ಷಕರ ಪಟ್ಟಿ ನೋಡಿದರೆ ಅಚ್ಚರಿಯಾಗುತ್ತದೆ. ರಾಲ್ಫ್ ಹೊತೆರೆ, ಪಾರಾ ಮ್ಯಾಚಿಟ್, ಫ್ರೆಡ್ ಗ್ರಹಾಂ, ಸ್ಯಾಂಡಿ ಆಡ್ಸೆಟ್, ಜಾನ್ ಬೆವನ್ ಫೋರ್ಡ್, ಕಾತೆರಿನಾ ಮಾತೈರಾ, ಆರ್ನಲ್ಡ್ ಮನಾಕಿ ವಿಲ್ಸನ್. ಮುಂದೆ ಮಾವೊರಿ ಆಧುನಿಕ ಕಲೆಯ ಮೊದಲ ತಲೆಮಾರು ಎನ್ನಿಸಿಕೊಂಡವರು ಬಹುಪಾಲು ಇವರೇ. ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಶಾಲೆಯಲ್ಲಿ ಪಾಠ ಮಾಡಿದವರು. ಒಂದು ಜನಾಂಗದ ಹೊಸ ಕಲೆ ಶ್ರೀಮಂತರ ಮನೆಯ ಪಡಸಾಲೆಯಲ್ಲಿ, ರಾಜಧಾನಿಯ ಗ್ಯಾಲರಿಯಲ್ಲಿ ಹುಟ್ಟದೆ ಪ್ರಾಥಮಿಕ ಶಾಲೆಯ ಚಿತ್ರಕಲೆಯ ಪೀರಿಯಡ್ಡಿನಲ್ಲಿ ಹುಟ್ಟಿತು. ಪರೀಕ್ಷೆ ಹತ್ತಿರ ಬಂದರೆ ನಮ್ಮ ಶಾಲೆಗಳು ಎಲ್ಲಕ್ಕಿಂತ ಮೊದಲು ಗಣಿತದವರಿಗೆ ಬಿಟ್ಟುಕೊಡುವುದು ಅದೇ ಪೀರಿಯಡ್ಡನ್ನು. ಹಾಗೆ ಬಿಟ್ಟುಕೊಟ್ಟಾಗ ನಾವು ಕಳೆದುಕೊಳ್ಳುತ್ತಿರುವುದು ಏನು ಎಂದು ಲೆಕ್ಕ ಹಾಕಿದವರು ಯಾರೂ ಇಲ್ಲ.

ಟೋವಿ ಮಾಡಿದ ಇನ್ನೊಂದು ಕೆಲಸ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಈ ಎಳೆಯ ಶಿಕ್ಷಕರನ್ನು ಅವರು ಪಿನೆ ತಾಯಾಪಾ ಎಂಬ ಹಿರಿಯ ಕೆತ್ತನೆಗಾರರ ಮುಂದೆ ಕೂರಿಸಿದರು. ಪಿನೆ ಅವರ ಹಿನ್ನೆಲೆ ಸ್ವಲ್ಪ ಹೇಳಬೇಕು. ಇಪ್ಪತ್ತನೆಯ ಶತಮಾನ ಶುರುವಾದಾಗ ಮಾವೊರಿ ಕೆತ್ತನೆ ಬಹಳಷ್ಟು ಕಡೆ ಕೈಬಿಟ್ಟುಹೋಗಿತ್ತು. ಅಪಿರಾನಾ ಙಾತಾ ಎಂಬ ಮಾವೊರಿ ರಾಜಕಾರಣಿ ಸಂಸತ್ತಿನಲ್ಲಿ ಕಾಯ್ದೆ ಮಾಡಿಸಿ, ಅದಕ್ಕೊಂದು ಶಾಲೆಯನ್ನು 1927ರಲ್ಲಿ ರೋಟೊರುವಾದಲ್ಲಿ ತೆರೆದರು. ಪಿನೆ ಅಲ್ಲಿ ಕಲಿತವರು. ಕಲಿಯುತ್ತ ಅವರಿಗೊಂದು ಕೊರತೆ ಕಂಡಿತು. ಶಾಲೆಯಲ್ಲಿ ಉಳಿ ಹಿಡಿಯುವುದನ್ನು ಕಲಿಸುತ್ತಿದ್ದರು, ಆದರೆ ಹಳೆಯ ಕೆತ್ತನೆಗಳ ಮೈಯಲ್ಲಿ ಕಾಣುತ್ತಿದ್ದ ಬಾಚಿಯ ಏಟು ಯಾರ ಕೈಯಲ್ಲೂ ಉಳಿದಿರಲಿಲ್ಲ. ಉಳಿ ಬೆರಳು ಮತ್ತು ಮಣಿಕಟ್ಟಿನ ಉಪಕರಣ. ಬಾಚಿ ಹಾಗಲ್ಲ, ಅದಕ್ಕೆ ತೋಳು, ಬೆನ್ನು, ನಿಂತ ಕಾಲು ಎಲ್ಲವೂ ಬೇಕು. ಬಾಚಿ ಬೀಸಿದವನ ಮೈಯ ಲಯ ಮರದಲ್ಲಿ ಉಳಿಯುತ್ತದೆ. ಆ ಕೈ ಇನ್ನೂ ಇದ್ದ ಎರಾಮಿಹಾ ಕಪುವಾ ಎಂಬ ಮುದುಕರನ್ನು ಪಿನೆ ಕಂಡು, ಅವರಿಂದ ಆ ವಿದ್ಯೆ ಕಲಿತರು. ಒಬ್ಬ ಮುದುಕರ ಮೈಯಲ್ಲಷ್ಟೇ ಉಳಿದಿದ್ದ ಅರಿವು ಹೀಗೆ ಇನ್ನೊಬ್ಬರ ಮೈಗೆ ದಾಟಿತು. ಆ ಪಿನೆಯಿಂದ ಅದು ಒಂದು ಗುಂಪು ಶಾಲಾ ಮೇಷ್ಟ್ರುಗಳಿಗೆ ದಾಟಿತು. ಮೇಷ್ಟ್ರುಗಳಿಗೆ ದಾಟಿದ್ದು ಊರಿಗೆಲ್ಲ ದಾಟುತ್ತದೆ. ಟೋವಿ ಎಣಿಸಿದ್ದೂ ಅದನ್ನೇ ಇರಬೇಕು.

ವೈಟಿಂಗ್ ಏನನ್ನು ಕೆತ್ತುತ್ತಿದ್ದರು ಎಂಬುದು ಅರ್ಥವಾಗಲು ಮಾವೊರಿಗಳ ಸಭಾಮನೆಯೊಳಗೆ ಒಮ್ಮೆ ಕಾಲಿಡಬೇಕು. ಅದರ ಹೆಸರು ಫಾರೆನೂಯಿ, ಎಂದರೆ ದೊಡ್ಡ ಮನೆ. ಮುಂದೆ ತೆರೆದ ಅಂಗಳ, ಆ ಅಂಗಳವೂ ಮನೆಯೂ ಸೇರಿದ ಇಡೀ ಆವರಣಕ್ಕೆ ಮರಾಯ್ ಎನ್ನುತ್ತಾರೆ. ಮದುವೆ, ಸಾವು, ಜಗಳ, ರಾಜಿ, ಅತಿಥಿ ಸತ್ಕಾರ ಎಲ್ಲ ಅಲ್ಲೇ. ಆ ಮನೆ ಬುಡಕಟ್ಟಿನ ಮೂಲಪುರುಷನ ಅಥವಾ ಮೂಲಸ್ತ್ರೀಯ ಶರೀರ. ಮುಂಭಾಗದ ತುದಿಯಲ್ಲಿರುವ ಕೆತ್ತಿದ ಮುಖ ಆ ಹಿರಿಯರ ಮುಖ. ಅಲ್ಲಿಂದ ಎರಡೂ ಕಡೆಗೆ ಇಳಿಜಾರಾಗಿ ಬರುವ ಹಲಗೆಗಳು ಅವರ ತೋಳು, ಹಲಗೆಯ ತುದಿಯ ಸೀಳುಗಳು ಬೆರಳು. ಒಳಗೆ ಹೋದರೆ ಮಾಡಿನ ಉದ್ದಕ್ಕೂ ಹೋಗುವ ನಡುತೊಲೆ ಬೆನ್ನುಮೂಳೆ, ಅದರಿಂದ ಇಳಿಯುವ ಜಂತಿಗಳು ಪಕ್ಕೆಲುಬು. ಜಂತಿಯ ಮೇಲೆ ಎಳೆ ಜರೀಗಿಡದ ಸುರುಳಿಯನ್ನು ನೆನಪಿಸುವ ಬಳ್ಳಿಚಿತ್ತಾರ, ಅದಕ್ಕೆ ಕೋಫೈಫೈ ಎನ್ನುತ್ತಾರೆ. ಕಂಬಗಳಲ್ಲಿ ಪೂರ್ವಜರು ಒಬ್ಬೊಬ್ಬರಾಗಿ ನಿಂತಿರುತ್ತಾರೆ, ಕಣ್ಣಿಗೆ ನೀಲಿ-ಹಸಿರು ಮಿಂಚುವ ಪಾವುವಾ ಚಿಪ್ಪು. ಒಳಗೆ ಬಂದವನು ತನ್ನ ಹಿರಿಯರ ಎದೆಗೂಡಿನೊಳಗೆ ಬಂದು ಕುಳಿತಂತೆ. ಆದ್ದರಿಂದ ಇಲ್ಲಿ ಕೆತ್ತನೆ ಅಲಂಕಾರವಲ್ಲ. ಅದು ವಂಶಾವಳಿ, ಇತಿಹಾಸ, ದೇವರ ಕಥೆ. ಬರಹವಿಲ್ಲದ ಕಾಲದಿಂದ ಮಕ್ಕಳು ಮೇಲೆ ನೋಡಿ ನೋಡಿ ಪಾಠ ಕಲಿತ ಗೋಡೆ ಅದು.

ಬಣ್ಣಗಳಲ್ಲಿ ಕೆಂಪು, ಕಪ್ಪು, ಬಿಳಿಗಳಿಗೆ ಪಟ್ಟ. ಕೆಂಪು ಕಾವಿಮಣ್ಣನ್ನು ಶಾರ್ಕ್ ಮೀನಿನ ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದರು. ಮರಗಳಲ್ಲಿ ತೋತಾರಾ ಮರಕ್ಕೆ ಮೊದಲ ಸ್ಥಾನ. ನೂರಾರು ವರ್ಷ ಬೆಳೆಯುವ, ಬೇಗ ಕೊಳೆಯದ, ಉಳಿಗೆ ಸಲೀಸಾಗಿ ಸಿಗುವ ಮರ.

ಈಗ ವೈಟಿಂಗ್ ಮಾಡಿದ್ದನ್ನು ನೋಡಿ. ವೆಲಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಅವರ ದೊಡ್ಡ ಕೃತಿಯ ವಸ್ತು ಸೃಷ್ಟಿಕಥೆ. ಆಕಾಶ ತಂದೆ ರಂಗಿ, ಭೂಮಿ ತಾಯಿ ಪಾಪಾ, ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಮಲಗಿದ್ದರು. ನಡುವಿನ ಕತ್ತಲಲ್ಲಿ ಮಕ್ಕಳು ಉಸಿರುಕಟ್ಟಿ ಬಿದ್ದಿದ್ದರು. ಬೆಳಕು ಬೇಕೆಂದರೆ ಅಪ್ಪ ಅಮ್ಮನನ್ನು ಬೇರೆ ಮಾಡಲೇಬೇಕು. ಕಾಡಿನ ದೇವರಾದ ತಾನೆ ಅಂಗಾತ ಮಲಗಿ, ಬೆನ್ನನ್ನು ತಾಯಿಗೊತ್ತಿ, ಕಾಲುಗಳನ್ನು ತಂದೆಗೊತ್ತಿ ಮೇಲಕ್ಕೆ ನೂಕಿದ. ಲೋಕಕ್ಕೆ ಬೆಳಕು ಬಂತು. ಇದಕ್ಕೆ ಒಪ್ಪದ ಮಗ ಒಬ್ಬನೇ, ಗಾಳಿದೇವರು ತಾಫಿರಿಮಾತೆಯಾ. ಅವನು ತಂದೆಯ ಜೊತೆ ಮೇಲಕ್ಕೆ ಹೋಗಿ, ಅಲ್ಲಿಂದ ತನ್ನ ಬಿರುಗಾಳಿ ಮಕ್ಕಳನ್ನು ಅಣ್ಣತಮ್ಮಂದಿರ ಮೇಲೆ ಬಿಟ್ಟ. ಕಾಡು ಉರುಳಿತು, ಕಡಲು ಕದಡಿತು. ಬಿರುಗಾಳಿಯ ಹಿಂದೆ ಇರುವುದು ತಂದೆತಾಯಿಯನ್ನು ಅಗಲಿಸಿದ ಸಿಟ್ಟು ಮತ್ತು ಸಂಕಟ. ಹವಾಮಾನ ಇಲಾಖೆಗೆ ಅವರು ಆರಿಸಿದ್ದು ಈ ಸಿಟ್ಟಿನ ಮಗನನ್ನೇ. ಗಾಳಿಯ ವೇಗ ಅಳೆಯುವವರಿಗೆ ಗಾಳಿಯ ದುಃಖವೂ ಗೊತ್ತಿರಲಿ ಎಂದು ಒಬ್ಬ ಮೇಷ್ಟ್ರು ಯೋಚಿಸಿದ್ದರೆ ಅದು ಸಹಜ.

ಈ ಕೃತಿಗಳಲ್ಲಿ ಕೆತ್ತನೆ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಆಕಾರಗಳನ್ನು ಹಲಗೆಯಲ್ಲಿ ಕತ್ತರಿಸಿ, ಒಂದರ ಮೇಲೊಂದು ಕೂರಿಸಿ, ಅಂಚು ಕೊರೆದು, ಮೇಲೆ ಬಣ್ಣ. ನೀಲಿ, ಹಸಿರು, ನೇರಳೆ, ಗುಲಾಬಿ ಬಣ್ಣಗಳು ಧೈರ್ಯವಾಗಿ ಬಂದಿವೆ. ಶಾಲೆಯಲ್ಲಿ ಮಕ್ಕಳ ಮುಂದೆ ಬಣ್ಣದ ಬಟ್ಟಲು ಇಟ್ಟು ವರ್ಷಗಟ್ಟಲೆ ನೋಡಿದವರಿಗೆ ಬರುವ ಧೈರ್ಯ ಇದು ಎಂದು ನಾನು ನಂಬಿದ್ದೇನೆ. ಆಕಾಶ ನೇರಳೆಯಾಗಿರಬಾರದು ಎಂದು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಹೀಗೆಂದು ಅವರು ಹಳೆಯದನ್ನು ಕಡೆಗಣಿಸಿದವರಲ್ಲ. ಪಾಮರ್‌ಸ್ಟನ್ ನಾರ್ತ್‌ನ ಶಿಕ್ಷಕರ ಕಾಲೇಜಿನಲ್ಲಿ ಪಾಠ ಮಾಡುತ್ತ, ಮುಂದೆ ಐತಿಹಾಸಿಕ ಸ್ಥಳಗಳ ಟ್ರಸ್ಟಿನ ಜೊತೆ ಸೇರಿ, ದೇಶದ ಉದ್ದಗಲಕ್ಕೂ ಜೀರ್ಣವಾಗಿದ್ದ ಸಭಾಮನೆಗಳ ದುರಸ್ತಿಗೆ ನಿಂತರು. ಪರಿಣತರು ಬಂದು ರಿಪೇರಿ ಮಾಡಿ ಹೋಗುವ ಪದ್ಧತಿ ಅವರದ್ದಲ್ಲ. ಆಯಾ ಊರಿನ ಹುಡುಗರು, ಹೆಂಗಸರು, ಅಜ್ಜಂದಿರೇ ಕೂತು ತಮ್ಮ ಮನೆಯ ಹಲಗೆ ಕಳಚಬೇಕು, ಶುಚಿ ಮಾಡಬೇಕು, ಬಣ್ಣ ತುಂಬಬೇಕು. ಅವರು ಪಕ್ಕದಲ್ಲಿ ನಿಂತು ತೋರಿಸಿಕೊಡುತ್ತಿದ್ದರು. ಕೆಲಸ ನಿಧಾನವಾಗುತ್ತದೆ ನಿಜ. ಆದರೆ ಮೇಷ್ಟ್ರು ಊರು ಬಿಟ್ಟ ಮೇಲೆ ಮುಂದಿನ ಸಲ ಮಾಡು ಸೋರಿದಾಗ ಏನು ಮಾಡಬೇಕೆಂದು ಬಲ್ಲವರು ಆ ಊರಿನಲ್ಲೇ ಇರುತ್ತಾರೆ. 1973ರಲ್ಲಿ ದೇಶದ ಮಾವೊರಿ ಕಲಾವಿದರೂ ಬರಹಗಾರರೂ ಮೊದಲ ಬಾರಿಗೆ ಒಟ್ಟಿಗೆ ಸೇರಿ ತಮ್ಮದೇ ಸಂಘ ಕಟ್ಟಿಕೊಂಡದ್ದೂ ಅವರ ಹುಟ್ಟೂರು ತೆ ಕಾಹಾದ ಮರಾಯ್‌ನಲ್ಲಿ.

ಅವರ ಅತಿ ದೊಡ್ಡ ಪರೀಕ್ಷೆ ಬಂದದ್ದು ‘ತೆ ಪಾಪಾ’ದಲ್ಲಿ. ಅದು ವೆಲಿಂಗ್ಟನ್ನಿನ ಕಡಲ ದಂಡೆಯಲ್ಲಿ 1998ರ ಫೆಬ್ರುವರಿಯಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ವೈಟಿಂಗ್ ಅದರ ಮೊದಲ ಕೈಹೌತೂ, ಎಂದರೆ ಮುಖ್ಯ ಕಾರ್ಯನಿರ್ವಾಹಕರ ಸರಿಸಮಕ್ಕೆ ಕುಳಿತು ಸಂಸ್ಥೆಯನ್ನು ನಡೆಸುವ ಮಾವೊರಿ ನಾಯಕ. 2000ದವರೆಗೆ ಆ ಹೊಣೆ ಹೊತ್ತರು. ಅಲ್ಲಿ ಅವರು ಒಂದು ಮರಾಯ್ ಕಟ್ಟಬೇಕಿತ್ತು. ಯಾವುದೋ ಒಂದು ಬುಡಕಟ್ಟಿಗಲ್ಲ, ದೇಶಕ್ಕೆಲ್ಲ. ಮಾವೊರಿಗಳಿಗೂ, ಹಡಗಿನಲ್ಲಿ ಬಂದ ಬಿಳಿಯರಿಗೂ, ನಿನ್ನೆ ಮೊನ್ನೆ ವಿಮಾನದಲ್ಲಿ ಬಂದಿಳಿದವರಿಗೂ. ಮನೆಯೆಂದರೆ ಪೂರ್ವಜರ ದೇಹ ಎಂದಾದರೆ, ಎಲ್ಲರಿಗೂ ಸೇರಿದ ಮನೆ ಯಾರ ದೇಹ? ಆ ಮನೆಯ ಹೆಸರು ‘ತೆ ಹೋನೊ ಕಿ ಹವೈಕಿ’ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಹವೈಕಿ ಎಂಬುದು ಮಾವೊರಿಗಳು ದೋಣಿಯಲ್ಲಿ ಹೊರಟುಬಂದ ಮೂಲನೆಲ. ಎಲ್ಲರೂ ಎಲ್ಲಿಂದಲೋ ಬಂದವರೇ, ಆ ಹೊರಟ ನೆಲದ ಕೊಂಡಿಯೇ ಈ ಮನೆ. ಮುಂಭಾಗದ ಇಳಿಜಾರು ಹಲಗೆಗಳಲ್ಲಿ ಮಾವುಯಿ ಸೂರ್ಯನನ್ನು ಹಿಡಿದು ಕಟ್ಟಿಹಾಕುವ ಕಥೆ. ಹಗಲು ಉದ್ದವಾಗಲಿ, ಜನ ಬದುಕಿಕೊಳ್ಳಲಿ ಎಂದು ಸೂರ್ಯನ ಓಟ ನಿಧಾನ ಮಾಡಿಸಿದ ತುಂಟ ವೀರ ಅವನು.

ಈ ಮನೆಯನ್ನು ಅವರು ತೋತಾರಾದಲ್ಲಿ ಕೆತ್ತಲಿಲ್ಲ. ಬಳಸಿದ್ದು ಎಂಡಿಎಫ್ ಹಲಗೆ. ನಮ್ಮ ಮನೆಗಳ ಕಪಾಟಿಗೆ, ಅಡುಗೆಮನೆಯ ಬಾಗಿಲಿಗೆ ಬಡಗಿಗಳು ಹಾಕುವ ಅದೇ ಹಲಗೆ, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಅದರ ಮೇಲೆ ಕಣ್ಣು ತುಂಬುವ ಬಣ್ಣ. ಇದು ಸರಿಯೇ ಎಂಬ ಪ್ರಶ್ನೆ ಸಣ್ಣದಲ್ಲ. ದೇವರ ಮೂರ್ತಿಗೆ ಇಂಥದೇ ಕಲ್ಲು, ಇಂಥದೇ ಮರ ಎಂದು ಶಾಸ್ತ್ರ ಇಟ್ಟುಕೊಂಡ ನಮಗೆ ಅದರ ತೂಕ ಗೊತ್ತು. ನಾನೂ ಇದನ್ನು ಒಂದೇ ಏಟಿಗೆ ಒಪ್ಪಲಾರೆ. ತೋತಾರಾಕ್ಕೆ ಇರುವ ಆಯಸ್ಸು ಒತ್ತಿದ ಹಲಗೆಗೆ ಇಲ್ಲ. ಬಾಚಿಯ ಏಟನ್ನು ಅದು ತಾಳುವುದಿಲ್ಲ. ಕಪುವಾ ಮುದುಕರಿಂದ ಪಿನೆ ಕಲಿತ ಆ ತೋಳಿನ ಬೀಸು ಈ ಹಲಗೆಯ ಮೇಲೆ ಕಾಣುವುದು ಸಾಧ್ಯವಿಲ್ಲ. ಕಳೆದುಕೊಂಡದ್ದು ಇದೆ, ಅದನ್ನು ಮುಚ್ಚಿಡಬಾರದು.

ಆದರೆ ಅದೇ ಸಂಗ್ರಹಾಲಯದ ಪಾಲನೆಯಲ್ಲಿ ಇನ್ನೊಂದು ಸಭಾಮನೆ ದಶಕಗಳಿಂದ ಇದ್ದದ್ದನ್ನೂ ನೆನೆಯಬೇಕು. ಅದು ತೆ ಹೌ ಕಿ ತೂರಂಗಾ, 1840ರ ದಶಕದ ಆರಂಭದಲ್ಲಿ ರಾಹಾರೂಹಿ ರುಕುಪೊ ಮತ್ತು ಸಂಗಡಿಗರು ಕೆತ್ತಿದ್ದು. ಸರ್ಕಾರ ಅದನ್ನು 1867ರಲ್ಲಿ ಆ ಜನರ ನೆಲದಿಂದ ಕಳಚಿ ಒಯ್ದಿತು. ಮಾವೊರಿ ಕೆತ್ತನೆಯ ಶಿಖರ ಎಂದು ಎಲ್ಲರೂ ತೋರಿಸುವ ಆ ಮನೆಯನ್ನು ಕೆತ್ತಿದ್ದು ಬಿಳಿಯರು ತಂದ ಉಕ್ಕಿನ ಉಳಿಗಳಿಂದ. ಅದಕ್ಕೂ ಹಿಂದಿನವರು ಕಲ್ಲಿನ ಉಪಕರಣದಿಂದ ಕೆತ್ತುತ್ತಿದ್ದರು. ಉಕ್ಕು ಕೈಗೆ ಬಂದದ್ದೇ ಗೆರೆ ಸೂಕ್ಷ್ಮವಾಯಿತು, ಆಳ ಹೆಚ್ಚಿತು, ಮೈತುಂಬ ಕುಸುರಿ ಹಬ್ಬಿತು. ಬಣ್ಣದ ವಿಷಯಕ್ಕೂ ಹಾಗೆಯೇ. ಗಿಸ್ಬರ್ನ್ ಬಳಿಯ ರೊಂಗೊಪೈ ಎಂಬ ಸಭಾಮನೆಯನ್ನು 1880ರ ದಶಕದ ಕೊನೆಗೆ ಕಟ್ಟಿದ ಎಳೆಯರು ಕೆತ್ತನೆಯ ಬದಲು ಒಳಗೆಲ್ಲ ಗಿಡ, ಹೂ, ಮನುಷ್ಯರ ಚಿತ್ರಗಳನ್ನು ಬಣ್ಣಬಣ್ಣದಲ್ಲಿ ಬರೆದುಬಿಟ್ಟಿದ್ದರು. ಸಂಪ್ರದಾಯ ಎಂದು ನಾವು ಕಟ್ಟುಹಾಕಿ ಇಡುವುದರ ಒಳಗೇ ಇಂಥ ಸಾಹಸಗಳಿವೆ. ವೈಟಿಂಗ್ ಅದನ್ನು ಬಲ್ಲವರಾಗಿದ್ದರು.

ಇನ್ನೊಂದು ಕಾರಣ ನನಗೆ ಹೊಳೆದದ್ದು ಅವರು ಮೇಷ್ಟ್ರು ಎಂಬುದನ್ನು ನೆನೆದಾಗ. ನೂರಾರು ವರ್ಷ ಬೆಳೆದ ತೋತಾರಾ ದಿಮ್ಮಿಯ ಮುಂದೆ ಹೊಸಬನನ್ನು ಕೂರಿಸಿ ಉಳಿ ಕೊಟ್ಟರೆ ಅವನ ಕೈ ನಡುಗುತ್ತದೆ. ಕಾಡು ಕಡಿದು ಮುಗಿದ ದೇಶದಲ್ಲಿ ಅಂಥ ದಿಮ್ಮಿ ಸಿಗುವುದೇ ಅಪರೂಪ, ಒಂದು ಏಟು ತಪ್ಪಿದರೆ ಹೋಯಿತು. ಹಾಗಾಗಿ ಪಳಗಿದವರು ಮಾತ್ರ ಕೆತ್ತುತ್ತಾರೆ, ಉಳಿದವರು ದೂರ ನಿಂತು ನೋಡುತ್ತಾರೆ. ಅಂಗಡಿಯ ಹಲಗೆಗೆ ಆ ಭಯವಿಲ್ಲ. ತಪ್ಪಾದರೆ ಇನ್ನೊಂದು ತುಂಡು. ಹದಿನೈದರ ಹುಡುಗಿಯೂ ಗರಗಸ ಹಿಡಿಯಬಹುದು, ಕಚೇರಿ ಕೆಲಸದಿಂದ ನಿವೃತ್ತರಾದವರೂ ಬಣ್ಣ ಹಚ್ಚಬಹುದು. ಪಾಠ ಮಾಡಿದ ಯಾರಿಗಾದರೂ ಗೊತ್ತು, ತಪ್ಪು ಮಾಡಲು ಜಾಗವಿಲ್ಲದ ಕಡೆ ಯಾರೂ ಏನೂ ಕಲಿಯುವುದಿಲ್ಲ. ಪಟ್ಟಣಕ್ಕೆ ವಲಸೆ ಹೋಗಿ ಭಾಷೆಯನ್ನೂ ಊರನ್ನೂ ಕಳೆದುಕೊಂಡಿದ್ದ ಮಾವೊರಿ ತಲೆಮಾರಿನ ಕೈಗೆ ಕೆತ್ತನೆ ಮರಳಿ ಬರಬೇಕಾಗಿತ್ತು. ನೂರು ಕೈ ಸೇರುವ ಮನೆ ಮತ್ತು ಇನ್ನೂರು ವರ್ಷ ಬಾಳುವ ಮನೆ, ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಅವರು ಮೊದಲನೆಯದನ್ನು ಆರಿಸಿದರು ಎಂದೇ ನಾನು ಆ ಕೃತಿಯನ್ನು ಓದುತ್ತೇನೆ. ಅದಕ್ಕಾಗಿ ಅವರ ಮೇಲೆ ನನಗೆ ಪ್ರೀತಿ ಹೆಚ್ಚು.

ಅವರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೆ ಪಾಪಾದ್ದಲ್ಲ. ದಕ್ಷಿಣ ದ್ವೀಪದ ಕಟ್ಟಕಡೆಯಲ್ಲಿ ಬ್ಲಫ್ ಎಂಬ ಬಂದರು ಊರಿದೆ. ಅಲ್ಲಿಂದ ಆಚೆಗೆ ಸ್ಟೂವರ್ಟ್ ದ್ವೀಪ, ಮತ್ತೆ ತಣ್ಣನೆಯ ಕಡಲು. ಅಲ್ಲಿನ ತೆ ರೌ ಅರೋಹಾ ಮರಾಯ್‌ಗೆ ಅವರು ಮಾಡಿಕೊಟ್ಟ ಸಭಾಮನೆ 2003ರಲ್ಲಿ ತೆರೆಯಿತು. ಆ ಕರಾವಳಿಗೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಂದವರು ಸೀಲ್ ಮತ್ತು ತಿಮಿಂಗಿಲ ಬೇಟೆಯ ಹಡಗುಗಳ ಬಿಳಿಯರು. ಅವರನ್ನು ಮದುವೆಯಾಗಿ, ಎರಡು ಲೋಕಗಳ ನಡುವೆ ಸಂಸಾರ ಹೂಡಿದವರು ಅಲ್ಲಿನ ಮಾವೊರಿ ಹೆಣ್ಣುಮಕ್ಕಳು. ಇಂದು ಆ ಭಾಗದ ಜನರಲ್ಲಿ ಬಹಳ ಮಂದಿ ಆ ತಾಯಂದಿರ ಮಕ್ಕಳ ಮಕ್ಕಳು. ವೈಟಿಂಗ್ ಅಲ್ಲಿ ಗೌರವದ ಸ್ಥಾನ ಕೊಟ್ಟದ್ದು ಈ ಹೆಂಗಸರಿಗೆ. ಸಾಮಾನ್ಯವಾಗಿ ಯೋಧರೂ ನಾಯಕರೂ ನಿಲ್ಲುವ ಜಾಗದಲ್ಲಿ ಅಜ್ಜಿಯಂದಿರು ಬಣ್ಣ ತುಂಬಿಕೊಂಡು ನಿಂತಿದ್ದಾರೆ. ಬಿಳಿ ಚರ್ಮ, ಇಂಗ್ಲಿಷ್ ಅಡ್ಡಹೆಸರು ಇದ್ದೂ ತಾನು ಮಾವೊರಿ ಎನ್ನುವ ಮಗುವೊಂದು ಅಲ್ಲಿ ತನ್ನ ಮುತ್ತಜ್ಜಿಯ ಮುತ್ತಜ್ಜಿಯನ್ನು ಬೆರಳಿಟ್ಟು ತೋರಿಸಬಹುದು.

ಕ್ಲಿಫ್ ವೈಟಿಂಗ್ 2017ರ ಜುಲೈ 16ರಂದು, 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬ್ಲಫ್‌ನ ಆ ಮನೆಯಲ್ಲಿ ಸಭೆಗಳು, ಮದುವೆಗಳು, ಶಾಲಾ ಮಕ್ಕಳ ರಾತ್ರಿ ವಾಸ್ತವ್ಯಗಳು ನಡೆಯುತ್ತಿವೆ. ಮಕ್ಕಳು ಅಜ್ಜಿಯಂದಿರ ಕೆಳಗೆ ಹಾಸಿಗೆ ಹಾಸಿಕೊಂಡು ಮಲಗುತ್ತಾರೆ, ಯಾರು ಯಾರಿಗೆ ಏನಾಗಬೇಕು ಎಂದು ಹಿರಿಯರು ಅವರಿಗೆ ಹೇಳುತ್ತಾರೆ.